ಬಟರ್‌ನಟ್ ಗುಂಬಳದ ಸೂಪ್ ಮನೆಯಲ್ಲಿ ನುಣ್ಣಗೆ, ಮಂದವಾಗಿ ಬರಬೇಕಾದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿದ್ದು ಹೀಗೆ. ಮ್ಯಾಸಚೂಸೆಟ್ಸ್‌ಗೆ ಹೊಸದಾಗಿ ಬಂದಿದ್ದೀರಿ. ಅಂಗಡಿಯಲ್ಲಿ ರಾಶಿ ಬಿದ್ದಿರುವ ಬಟರ್‌ನಟ್ ಗುಂಬಳ ತಂದು, ಹೆಚ್ಚಿ, ನೀರಿನಲ್ಲಿ ಬೇಯಿಸಿ, ರುಬ್ಬಿ ಸೂಪ್ ಮಾಡುತ್ತಿದ್ದೀರಿ. ಅದು ನೀರು ನೀರಾಗಿ, ಒಂದು ಬಗೆಯ ಸಪ್ಪೆ ಸಿಹಿಯಾಗಿ ಬರುತ್ತಿದೆ. ಕ್ರೀಮ್ ಎಷ್ಟು ಸುರಿದರೂ ಹೋಟೆಲಿನಲ್ಲಿ ಸಿಗುವ ನುಣುಪು ಬರುತ್ತಿಲ್ಲ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು, ಮಾವನವರಿಗೆ ಜಿಡ್ಡು ಹೆಚ್ಚು ಆಗುವುದಿಲ್ಲ.

ನಾನೂ ಇದೇ ರಾಜ್ಯದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಅಕ್ಟೋಬರ್ ಬಂತೆಂದರೆ ನಮ್ಮ ಮನೆಯಲ್ಲಿ ಈ ಸೂಪ್ ಆಗಲೇಬೇಕು. ಹಾಗಾಗಿ ನೇರವಾಗಿ ಹೇಳುತ್ತೇನೆ: ಕ್ರೀಮ್ ಹೆಚ್ಚಿಸಬೇಡಿ, ನೀರು ಕಡಿಮೆ ಮಾಡಿ. ಈ ಸೂಪಿನ ಮಂದತನವೆಲ್ಲ ಕಾಯಿಯ ತಿರುಳಿನಲ್ಲೇ ಇದೆ. ಹಸಿ ತಿರುಳಿನಲ್ಲಿ ಹೆಚ್ಚಿನ ಪಾಲು ನೀರು. ಅದನ್ನು ಮತ್ತೆ ನೀರಿನಲ್ಲಿ ಕುದಿಸಿದರೆ ತಿರುಳು ಇನ್ನಷ್ಟು ನೀರು ಕುಡಿಯುತ್ತದೆ, ರುಚಿ ಕುದಿಯುವ ನೀರಿಗೆ ಇಳಿದುಹೋಗುತ್ತದೆ. ಅದರ ಮೇಲೆ ಕ್ರೀಮ್ ಹಾಕಿದರೆ ಜಿಡ್ಡು ಬರುತ್ತದೆಯೇ ಹೊರತು ಹದ ಬರುವುದಿಲ್ಲ. ಕಾಯಿಯನ್ನು ಓವನ್ನಿನಲ್ಲಿ ಸುಟ್ಟು, ಅದರ ನೀರನ್ನು ಹಾರಿಸಿ, ಆಮೇಲೆ ಬೇಕಾದಷ್ಟು ಮಾತ್ರ ನೀರು ನಾವೇ ಸೇರಿಸಿ ರುಬ್ಬಬೇಕು. ಹಾಗೆ ಮಾಡಿದಾಗ ಕ್ರೀಮ್ ಒಂದು ತೊಟ್ಟೂ ಇಲ್ಲದೆ ಸೂಪ್ ಮಂದವಾಗುತ್ತದೆ. ಮಾವನವರ ಬಟ್ಟಲಿಗೆ ಬೇಕಾದದ್ದು ಇದೇ.

ಮೊದಲು ಕಾಯಿ ಆರಿಸುವ ವಿಚಾರ. ಮೂರು ಪೌಂಡಿನ, ಅಂದರೆ ಸುಮಾರು 1.3 ಕಿಲೋದ ಕಾಯಿ ನಾಲ್ಕು ಜನರಿಗೆ ಸಾಕು. ಸಿಪ್ಪೆ ಮಾಸಲು ಬೆಣ್ಣೆ ಬಣ್ಣದ್ದಾಗಿರಬೇಕು, ಹೊಳೆಯಬಾರದು. ತೊಟ್ಟಿನ ಸುತ್ತ ಹಸಿರು ಗೆರೆಗಳಿದ್ದರೆ ಕಾಯಿ ಬಲಿತಿಲ್ಲ ಎಂದು ಅರ್ಥ. ತೊಟ್ಟು ಒಣಗಿ ಗಟ್ಟಿಯಾಗಿ ಅಂಟಿಕೊಂಡಿರಲಿ. ತೊಟ್ಟು ಕಳಚಿದ ಕಾಯಿ ಅಲ್ಲಿಂದಲೇ ಕೊಳೆಯಲು ಶುರುವಾಗುತ್ತದೆ. ಗಾತ್ರ ಒಂದೇ ಇರುವ ಎರಡು ಕಾಯಿಗಳನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ತೂಕ ಹೆಚ್ಚಿರುವುದನ್ನು ತನ್ನಿ. ಕತ್ತು ಉದ್ದವಾಗಿ ದಪ್ಪವಾಗಿದ್ದು ಬುಡ ಚಿಕ್ಕದಾಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಬೀಜ, ನಾರು ಎಲ್ಲ ಇರುವುದು ಬುಡದಲ್ಲಿ. ಕತ್ತಿನಲ್ಲಿ ತಿರುಳು ಬಿಟ್ಟರೆ ಬೇರೇನೂ ಇಲ್ಲ.

ಈ ತಳಿ ಹುಟ್ಟಿದ್ದೇ ನಿಮ್ಮ ಈಗಿನ ರಾಜ್ಯದಲ್ಲಿ. ಸ್ಟೋ ಎಂಬ ಊರಿನ ಚಾರ್ಲ್ಸ್ ಲೆಗೆಟ್ ಎಂಬುವರು 1940ರ ದಶಕದಲ್ಲಿ ಇದನ್ನು ಬೆಳೆಸಿದರು. ಆಮೇಲೆ ವಾಲ್ತಮ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಿದ್ದಿ ತೆಗೆದ ‘ವಾಲ್ತಮ್ ಬಟರ್‌ನಟ್’ ತಳಿಗೆ 1970ರಲ್ಲಿ ಆಲ್ ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿ ಬಂತು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸುತ್ತಮುತ್ತಲಿನ ತೋಟಗಳ ಅಂಗಡಿಗಳಲ್ಲಿ ಸಿಗುವ ಕಾಯಿ ಸಾಮಾನ್ಯವಾಗಿ ಇದೇ ಜಾತಿಯದು. ಸಾಧ್ಯವಾದರೆ ಅಲ್ಲಿಂದಲೇ ತನ್ನಿ, ತಂದ ದಿನವೇ ಅಡುಗೆಗೆ ಇಳಿಸಬೇಡಿ. ಹೊಸದಾಗಿ ಕೊಯ್ದ ಕಾಯಿಯಲ್ಲಿ ಪಿಷ್ಟ ಹೆಚ್ಚು. ಕೆಲವು ವಾರ ತಂಪಾದ ಒಣ ಜಾಗದಲ್ಲಿಟ್ಟರೆ ಆ ಪಿಷ್ಟ ನಿಧಾನವಾಗಿ ಸಕ್ಕರೆಯಾಗಿ ರುಚಿ ಏರುತ್ತದೆ. ಇಡೀ ಕಾಯನ್ನು ಫ್ರಿಜ್ಜಿನಲ್ಲಿಡುವುದು ಬೇಡ. ನೆಲಮಾಳಿಗೆಯ ಮೂಲೆಯಲ್ಲಿ ಎರಡು ಮೂರು ತಿಂಗಳು ಸುಖವಾಗಿರುತ್ತದೆ.

ಇನ್ನು ಹೆಚ್ಚುವುದು. ಹಸಿ ಕಾಯಿಯ ಸಿಪ್ಪೆ ಹೆರೆಯುವ ಗೋಜಿಗೇ ಹೋಗಬೇಡಿ. ಅದರ ಸೊನೆ ಕೈಗೆ ಅಂಟಿ ಒಣಗಿದರೆ ಚರ್ಮ ಬಿಗಿದುಕೊಂಡು ಪೊರೆ ಏಳುತ್ತದೆ, ಕೆಲವರಿಗೆ ತುರಿಕೆಯೂ ಬರುತ್ತದೆ. ಸುಟ್ಟ ಮೇಲೆ ಸಿಪ್ಪೆ ತಾನಾಗಿ ಬಿಡುತ್ತದೆ. ಕತ್ತು ಮತ್ತು ಬುಡ ಸೇರುವಲ್ಲಿ ಅಡ್ಡಕ್ಕೆ ಒಮ್ಮೆ ಕತ್ತರಿಸಿ ಎರಡು ತುಂಡು ಮಾಡಿಕೊಳ್ಳಿ. ಪ್ರತಿ ತುಂಡನ್ನೂ ಚಪ್ಪಟೆ ಬದಿ ಕೆಳಗಾಗಿ ನಿಲ್ಲಿಸಿ ಉದ್ದಕ್ಕೆ ಸೀಳಿ. ಉರುಳುವ ಕಾಯಿಯ ಮೇಲೆ ಚಾಕು ಆಡಿಸಿ ಕೈ ಕೊಯ್ದುಕೊಳ್ಳುವ ಭಯ ಇರುವುದಿಲ್ಲ. ಬೀಜ, ನಾರನ್ನು ಚಮಚದಿಂದ ಕೆರೆದು ತೆಗೆಯಿರಿ, ಎಸೆಯಬೇಡಿ. ಈ ಹಂತದಲ್ಲಿ ಒಂದು ಸಣ್ಣ ಚೂರು ಹಸಿ ತಿರುಳನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿಯನ್ನು ಹಿಂದುಮುಂದು ನೋಡದೆ ಬಿಸಾಡಿ. ಸೋರೆ, ಗುಂಬಳದ ಬಳಗದಲ್ಲಿ ಅಪರೂಪಕ್ಕೆ ಬರುವ ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ಬೇಯಿಸಿದರೂ ಅದು ಹೋಗುವುದಿಲ್ಲ.

ಸುಡುವುದೇ ಈ ಅಡುಗೆಯ ಜೀವ, ಆದ್ದರಿಂದ ಇಲ್ಲಿ ಅವಸರ ಬೇಡ. ಓವನ್ 400 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರಲಿ. ಹೋಳುಗಳ ಕೊಯ್ದ ಮುಖಕ್ಕೆ ಒಂದು ಚಮಚ ಎಣ್ಣೆ ಸವರಿ, ಉಪ್ಪು ಉದುರಿಸಿ, ಆ ಮುಖ ತಟ್ಟೆಗೆ ತಾಗುವಂತೆ ಕವುಚಿ ಇಡಿ. ಪಕ್ಕದಲ್ಲೇ ನಾಲ್ಕೈದು ಎಸಳು ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಹಾಕಿ, ಇಪ್ಪತ್ತು ನಿಮಿಷದ ಬಳಿಕ ಅದನ್ನು ಮಾತ್ರ ಹೊರತೆಗೆಯಿರಿ. ತಡವಾದರೆ ಕರಕಲಾಗಿ ಕಹಿಯಾಗುತ್ತದೆ. ಕವುಚಿ ಇಟ್ಟಾಗ ಒಳಗಿನ ಹಬೆ ತಿರುಳನ್ನು ಮೆತ್ತಗೆ ಮಾಡುತ್ತದೆ, ತಟ್ಟೆಗೆ ತಾಗಿದ ಮುಖ ಮಾತ್ರ ಕಂದು ತಿರುಗುತ್ತದೆ. ನೀರಿನಲ್ಲಿ ಎಷ್ಟು ಹೊತ್ತು ಬೇಯಿಸಿದರೂ ಈ ಕಂದು ಬರುವುದಿಲ್ಲ, ಏಕೆಂದರೆ ಕುದಿಯುವ ನೀರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಸಕ್ಕರೆ ಕಂದಾಗಲು ಅದಕ್ಕಿಂತ ಹೆಚ್ಚಿನ ಬಿಸಿ ಬೇಕು. ನಿಮ್ಮ ಸೂಪಿನ ಸಪ್ಪೆ ಸಿಹಿಗೆ ಕಾರಣವೂ ಇದೇ: ಸಿಹಿ ಇದೆ, ಅದರ ಜೊತೆಗಿರಬೇಕಾದ ಸುಟ್ಟ ಘಮ ಇಲ್ಲ.

ಐವತ್ತು ನಿಮಿಷದಿಂದ ಒಂದು ಗಂಟೆ ಬೇಕಾಗುತ್ತದೆ. ಗಡಿಯಾರವನ್ನಷ್ಟೇ ನಂಬಬೇಡಿ. ಕತ್ತಿನ ದಪ್ಪ ಭಾಗಕ್ಕೆ ಚಾಕು ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು, ಸಿಪ್ಪೆ ಸುಕ್ಕುಗಟ್ಟಿ ಗುಳ್ಳೆ ಎದ್ದಿರಬೇಕು, ತಟ್ಟೆಯಲ್ಲಿ ಸೋರಿದ ರಸ ಅಂಚಿನಲ್ಲಿ ಪಾಕದಂತೆ ಅಂಟಾಗಿ ಕಂದಾಗಿರಬೇಕು. ಆ ಅಂಟಿನ ಮೇಲೆ ಎರಡು ಚಮಚ ಬಿಸಿನೀರು ಹಾಕಿ ಕೆರೆದು ಸೂಪಿಗೇ ಸೇರಿಸಿ, ತೊಳೆದು ಚೆಲ್ಲಬೇಡಿ. ಆರಿದ ಮೇಲೆ ತಿರುಳನ್ನು ಚಮಚದಿಂದ ತೆಗೆದರೆ ಸುಮಾರು ಮುಕ್ಕಾಲು ಕಿಲೋ ಸಿಗುತ್ತದೆ.

ಕಾಯಿ ಸುಡುತ್ತಿರುವಾಗಲೇ ಬೀಜ ಬಿಡಿಸಿಟ್ಟುಕೊಂಡ ನಾರನ್ನು ಒಂದು ಚಮಚ ಬೆಣ್ಣೆಯಲ್ಲಿ ಬಾಡಿಸಿ, ನಾಲ್ಕು ಕಪ್ ನೀರು, ಒಂದು ಕ್ಯಾರೆಟ್, ಸೆಲರಿಯ ಒಂದು ದಂಟು, ನಾಲ್ಕು ಕಾಳುಮೆಣಸು ಹಾಕಿ ಇಪ್ಪತ್ತೈದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಸೋಸಿಕೊಳ್ಳಿ. ಹಳದಿ ಬಣ್ಣದ, ಕಾಯಿಯದೇ ಪರಿಮಳದ ಕಟ್ಟು ಸಿಗುತ್ತದೆ. ಅಂಗಡಿಯ ಡಬ್ಬಿಯ ಸ್ಟಾಕ್‌ಗಿಂತ ಇದು ನೂರು ಪಾಲು ಮೇಲು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಡಬ್ಬಿಯದೇ ತರುವುದಾದರೆ ಪದಾರ್ಥಗಳ ಪಟ್ಟಿ ಓದಿ. ಇಲ್ಲಿನ ಹೋಟೆಲುಗಳಲ್ಲಿ ಈ ಸೂಪಿಗೆ ಕೋಳಿಯ ಸ್ಟಾಕ್ ಹಾಕುವುದು ಸಾಮಾನ್ಯ, ಹೊರಗೆ ಹೋದಾಗ ನೀವು ಕೇಳಿಯೇ ತರಿಸಿಕೊಳ್ಳಿ.

ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಬೆಣ್ಣೆ ಕರಗಿಸಿ, ಒಂದು ದೊಡ್ಡ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಹಾಕಿ, ಚಿಟಿಕೆ ಉಪ್ಪಿನೊಂದಿಗೆ ಹತ್ತು ಹನ್ನೆರಡು ನಿಮಿಷ ಬಾಡಿಸಿ. ಮೆತ್ತಗಾಗಿ ಪಾರದರ್ಶಕವಾದರೆ ಸಾಕು, ಕೆಂಪಾಗುವುದು ಬೇಡ. ಹುಳಿ ಇರುವ ಒಂದು ಹಸಿರು ಸೇಬಿನ ಹೋಳುಗಳನ್ನೂ ಇದರಲ್ಲೇ ಬಾಡಿಸಬಹುದು. ನನಗೆ ಅದು ಇಷ್ಟ, ಆದರೆ ಹಾಕಲೇಬೇಕೆಂದಿಲ್ಲ. ತಿರುಳು, ಸಿಪ್ಪೆ ಹಿಂಡಿ ತೆಗೆದ ಬೆಳ್ಳುಳ್ಳಿ, ಎರಡು ಕಪ್ ಕಟ್ಟು ಸೇರಿಸಿ ಐದೇ ನಿಮಿಷ ಕುದಿಸಿ. ಉಳಿದ ಕಟ್ಟು ಪಕ್ಕದಲ್ಲಿರಲಿ. ನೀರು ಸೇರಿಸುವುದು ಯಾವಾಗಲೂ ಸುಲಭ, ಸೇರಿಸಿದ್ದನ್ನು ತೆಗೆಯುವುದು ಕಷ್ಟ.

ನುಣುಪು ಬರುವುದು ರುಬ್ಬುವಾಗ. ಇಲ್ಲಿ ಒಂದು ಕ್ರಮವಿದೆ. ಎಲ್ಲ ನೀರಿನೊಂದಿಗೆ ಒಟ್ಟಿಗೆ ತಿರುಗಿಸಿದರೆ ಚೂರುಗಳು ನೀರಿನಲ್ಲಿ ಓಡಾಡುತ್ತವೆ, ಬ್ಲೇಡಿಗೆ ಸಿಗುವುದಿಲ್ಲ. ಮೊದಲು ಗಟ್ಟಿ ಭಾಗವನ್ನು ಸೌಟಿನಲ್ಲಿ ಎತ್ತಿ, ತಿರುಗುವಷ್ಟೇ ಕಟ್ಟು ಹಾಕಿ, ಎರಡು ಮೂರು ನಿಮಿಷ ಬಿಡದೆ ರುಬ್ಬಿ. ಆಮೇಲೆ ಸ್ವಲ್ಪ ಸ್ವಲ್ಪವೇ ತೆಳುಮಾಡಿಕೊಳ್ಳಿ. ಒಂದು ಎಚ್ಚರಿಕೆ: ಊರಿನಿಂದ ತಂದ ಮಿಕ್ಸಿಯ ಜಾರಿಗೆ ಬಿಸಿ ಸೂಪ್ ಹಾಕಿ ಮುಚ್ಚಳ ಬಿಗಿದರೆ ಹಬೆ ಉಕ್ಕಿ ಮುಚ್ಚಳ ಹಾರಿ ಮೈಮೇಲೆ ಬೀಳುತ್ತದೆ. ಉಗುರು ಬೆಚ್ಚಗಾಗುವವರೆಗೆ ಆರಿಸಿ, ಜಾರಿನ ಅರ್ಧಕ್ಕಿಂತ ಹೆಚ್ಚು ತುಂಬಿಸದೆ ರುಬ್ಬಿ. ಬ್ಲೆಂಡರಿನ ಮುಚ್ಚಳದ ನಡುವೆ ತೆಗೆಯುವ ಬಿರಡೆ ಇದ್ದರೆ ಅದನ್ನು ತೆಗೆದು, ಮೇಲೆ ಬಟ್ಟೆ ಹಿಡಿದುಕೊಳ್ಳಿ. ಕೈಯಲ್ಲಿ ಹಿಡಿದು ಪಾತ್ರೆಯಲ್ಲೇ ಆಡಿಸುವ ಬ್ಲೆಂಡರ್ ಸಲೀಸು, ಆದರೆ ಅದು ಮಿಕ್ಸಿಯಷ್ಟು ನುಣ್ಣಗೆ ಮಾಡುವುದಿಲ್ಲ. ನೆಂಟರು ಬರುವ ದಿನ ಒಮ್ಮೆ ಜಾಲರಿಯಲ್ಲಿ ಸೋಸಿ. ಸೌಟನ್ನು ಅದ್ದಿ ತೆಗೆದು, ಅದರ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳದೆ ನಿಲ್ಲಬೇಕು. ಅದೇ ಹದ.

ಮಂದವಾಗಲಿ ಎಂದು ಆಲೂಗಡ್ಡೆ ಹಾಕಲು ಹಲವರು ಹೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ಮಿಕ್ಸಿಯ ವೇಗಕ್ಕೆ ಆಲೂಗಡ್ಡೆಯ ಪಿಷ್ಟ ಅಂಟು ಅಂಟಾಗಿ ಸೂಪ್ ಲೋಳೆಯಾಗುತ್ತದೆ. ಕಾಯಿಯೇ ನೀರಾಗಿದ್ದು ಸೂಪ್ ತೆಳ್ಳಗಾದರೆ ಎರಡು ಚಮಚ ಅನ್ನ ಹಾಕಿ ರುಬ್ಬಿ, ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲವೇ ಹತ್ತು ಹನ್ನೆರಡು ಗೋಡಂಬಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ತಿರುಳಿನ ಜೊತೆ ರುಬ್ಬಿ. ಕ್ರೀಮ್ ಬೇಕೆನ್ನುವವರಿಗೆ ಕಾಲು ಕಪ್ ಸಾಕು, ಅದೂ ಉರಿ ಆರಿಸಿದ ಮೇಲೆ. ಮಾವನವರ ಪಾಲನ್ನು ಮೊದಲೇ ತೆಗೆದಿಟ್ಟು ಉಳಿದದ್ದಕ್ಕೆ ಸೇರಿಸಿ. ಕ್ರೀಮಿನ ಬದಲು ಹಾಲು ಹಾಕುವುದಾದರೆ ಹುಳಿ ಹಿಂಡಬೇಡಿ, ಒಡೆದುಹೋಗುತ್ತದೆ. ಪೂರ್ತಿ ಜಿಡ್ಡಿಲ್ಲದೆ ಮಾಡುವುದೂ ಒಳ್ಳೆಯದಲ್ಲ. ಗುಂಬಳಕ್ಕೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಮೈಗೆ ಹತ್ತಲು ಸ್ವಲ್ಪ ಕೊಬ್ಬು ಬೇಕು. ಈರುಳ್ಳಿ ಬಾಡಿಸಿದ ಬೆಣ್ಣೆಯೇ ಅದಕ್ಕೆ ಧಾರಾಳ.

ಕೊನೆಗೆ ರುಚಿ ಸರಿಮಾಡುವುದು. ಉಪ್ಪನ್ನು ಈಗ ನೋಡಿ ಹಾಕಿ, ಸಿಹಿ ಪದಾರ್ಥಕ್ಕೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಉಪ್ಪು ಬೇಕಾಗುತ್ತದೆ. ಆಮೇಲೆ ಒಂದು ಚಮಚ ನಿಂಬೆರಸ ಅಥವಾ ಆಪಲ್ ಸೈಡರ್ ವಿನೆಗರ್. ಹುಳಿ ಎಂದು ನಾಲಿಗೆಗೆ ತಿಳಿಯಬಾರದು, ಸಿಹಿಯ ಮೊಂಡುತನ ಮಾತ್ರ ಮುರಿಯಬೇಕು. ಕಾಳುಮೆಣಸು ಆಗಲೇ ಕುಟ್ಟಿದ್ದು, ಜಾಯಿಕಾಯಿ ಚಾಕುವಿನ ತುದಿಯಷ್ಟು ತುರಿದದ್ದು. ಗರಂ ಮಸಾಲೆ ಹಾಕಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ, ಗಂಟೆಗಟ್ಟಲೆ ಸುಟ್ಟು ತಂದ ಘಮವೆಲ್ಲ ಅದರಡಿ ಹೂತುಹೋಗುತ್ತದೆ. ಇಲ್ಲಿನವರು ಮೇಲೆ ಉದುರಿಸುವುದು ಬೆಣ್ಣೆಯಲ್ಲಿ ಗರಿಗರಿಯಾಗಿ ಹುರಿದ ಸೇಜ್ ಎಲೆ. ಅದರ ಘಾಟು ನಿಮ್ಮ ಮನೆಯವರಿಗೆ ಹಿಡಿಸದಿದ್ದರೆ ತುಪ್ಪದಲ್ಲಿ ಕರಿಬೇವು ಸಿಡಿಸಿ ಹಾಕಿ, ಅದೂ ಚೆನ್ನಾಗಿ ಹೊಂದುತ್ತದೆ. ತೆಗೆದಿಟ್ಟ ಬೀಜವನ್ನು ತೊಳೆದು, ಒರೆಸಿ, ಎಣ್ಣೆ ಉಪ್ಪು ಸವರಿ 325 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಹುರಿದರೆ, ನುಣ್ಣನೆಯ ಸೂಪಿನ ನಡುವೆ ಕಡಿಯಲು ಏನಾದರೂ ಸಿಗುತ್ತದೆ.

ಊರಿನಲ್ಲಿರುವ ಅಕ್ಕನಿಗೂ ಹೇಳಿಕೊಡಬೇಕು, ಅಲ್ಲಿ ಬಟರ್‌ನಟ್ ಇಲ್ಲ, ಓವನ್ನೂ ಇಲ್ಲ ಎಂದು ಬರೆದಿದ್ದೀರಿ. ಸಿಹಿಗುಂಬಳದಲ್ಲೇ ಮಾಡಲಿ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್‌ನಂತಹ ನಮ್ಮ ಗುಂಬಳಗಳೂ ಬಟರ್‌ನಟ್ ಸೇರಿದ ಕುಕುರ್ಬಿಟಾ ಮೊಸ್ಕಾಟಾ ಜಾತಿಯವೇ. ಹೋಳು ಮಾಡಿ ಮಾರುವಲ್ಲಿ ತಿರುಳು ಕಡು ಕೇಸರಿ ಬಣ್ಣದ್ದಾಗಿ, ಗಟ್ಟಿಯಾಗಿ ಇರುವುದನ್ನು ನೋಡಿ ತರಲಿ. ನೀರು, ನಾರು ಎರಡೂ ತುಸು ಹೆಚ್ಚಿರುವುದರಿಂದ ಕುಕ್ಕರಿನಲ್ಲಿ ಮಾತ್ರ ಬೇಯಿಸಬಾರದು. ಸಿಪ್ಪೆ ತೆಗೆದು ಸಣ್ಣ ಹೋಳು ಮಾಡಿ, ಅಗಲ ಬಾಣಲೆಯಲ್ಲಿ ಬೆಣ್ಣೆ ಹಾಕಿ, ಒಂದರ ಮೇಲೊಂದು ಬೀಳದಂತೆ ಹರಡಿ, ಮುಚ್ಚದೆ ಮಧ್ಯಮ ಉರಿಯಲ್ಲಿ ಅಂಚು ಕಂದಾಗುವವರೆಗೆ ಹುರಿಯಲಿ. ಆಮೇಲೆ ಅರ್ಧ ಕಪ್ ನೀರು ಚಿಮುಕಿಸಿ ಮುಚ್ಚಿದರೆ ಮೆತ್ತಗಾಗುತ್ತದೆ. ಮುಂದಿನದೆಲ್ಲ ಹಾಗೆಯೇ, ರುಬ್ಬಿದ ಮೇಲೆ ಸೋಸುವುದನ್ನು ಮಾತ್ರ ಬಿಡಬಾರದು.

ಉಳಿದ ಸೂಪ್ ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಫ್ರೀಜರಿನಲ್ಲಿ ಎರಡು ತಿಂಗಳಾದರೂ ಇಡಬಹುದು, ಆದರೆ ಕ್ರೀಮ್ ಸೇರಿಸುವ ಮೊದಲೇ ತೆಗೆದಿಡಿ. ತಣ್ಣಗಾದಾಗ ಗಟ್ಟಿಯಾಗುವುದು ಸಹಜ. ಬಿಸಿ ಮಾಡುವಾಗ ಉಳಿಸಿಕೊಂಡ ಕಟ್ಟನ್ನು ಹಾಕಿ ತೆಳುಮಾಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಿ, ಉಪ್ಪು ಮತ್ತು ನಿಂಬೆರಸವನ್ನು ಆಗ ಇನ್ನೊಮ್ಮೆ ನೋಡಿಕೊಳ್ಳಿ.