ಹೆಸರು ಬಾಡಿಗೆಗೆ ಸಿಗುತ್ತದೆ, ಶಾಲೆ ನೀವೇ ಕಟ್ಟಬೇಕು: ಫ್ರಾಂಚೈಸಿ ಶಾಲೆಗೆ ಹಣ ಹಾಕುವವರ ಪ್ರಶ್ನೆಗಳು

ಫ್ರಾಂಚೈಸಿ ಶಾಲೆ, ಅಂದರೆ ಬೇರೆ ಸಂಸ್ಥೆಯ ಹೆಸರನ್ನು ಹಣ ಕೊಟ್ಟು ಪಡೆದು ನೀವೇ ನಡೆಸುವ ಶಾಲೆ, ತೆರೆಯುವ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಶಾಲೆಗಳ ಲೆಕ್ಕಪತ್ರ, ಆಡಳಿತ ನೋಡುವ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ಮೊದಲ ಪ್ರಶ್ನೆಗೆ ಉದ್ದದ ಉತ್ತರ ಬರೆದಿದ್ದೇನೆ. ಜಾಸ್ತಿ ಜನ ಎಡವುವುದು ಅಲ್ಲೇ.

ಪ್ರಶ್ನೆ: ನಾನು ನಿವೃತ್ತ. ಸ್ವಂತ ಜಾಗ ಇದೆ, ಉಳಿತಾಯದ ಹಣವೂ ಇದೆ. ಹೆಸರಾಂತ ಶಾಲಾ ಸಂಸ್ಥೆಯೊಂದು ಫ್ರಾಂಚೈಸಿ ಕೊಡಲು ಮುಂದೆ ಬಂದಿದೆ. ಮೂರು ವರ್ಷದಲ್ಲಿ ಹಾಕಿದ ಹಣ ವಾಪಸ್ ಬರುತ್ತದೆ ಎಂದು ಅವರ ಪ್ರತಿನಿಧಿ ಲೆಕ್ಕ ತೋರಿಸಿದರು. ನಂಬಬಹುದಾ?

ಮೂರು ವರ್ಷದ ಮಾತನ್ನು ನಂಬಬೇಡಿ. ಪ್ರತಿನಿಧಿ ಬೇಕೆಂದೇ ಸುಳ್ಳು ಹೇಳಿದ್ದಾರೆ ಎಂದಲ್ಲ. ಅವರ ಹಾಳೆಯಲ್ಲಿ ಮಕ್ಕಳು ಬರುವ ವೇಗವೇ ಬೇರೆ, ನಿಜವಾದ ಶಾಲೆಗೆ ಬರುವ ವೇಗವೇ ಬೇರೆ.

ಶಾಲೆ ತುಂಬುವುದು ಕೆಳಗಿನಿಂದ. ಮೂರು ವರ್ಷದ ಮಗುವನ್ನು ಹೊಸ ಶಾಲೆಗೆ ಸೇರಿಸಲು ತಂದೆತಾಯಿ ಧೈರ್ಯ ಮಾಡುತ್ತಾರೆ. ಆದರೆ ಎಂಟನೇ ತರಗತಿಯ ಮಗುವನ್ನು ನಡೆಯುತ್ತಿರುವ ಶಾಲೆಯಿಂದ ಬಿಡಿಸಿ, ಬಣ್ಣದ ವಾಸನೆ ಇನ್ನೂ ಹೋಗದ ಕಟ್ಟಡಕ್ಕೆ ಯಾರು ಕಳಿಸುತ್ತಾರೆ? ಸರಳವಾಗಿ ಲೆಕ್ಕ ಹಾಕೋಣ. ಪೂರ್ವ ಪ್ರಾಥಮಿಕದ 3 ತರಗತಿ, ಅದರ ಮೇಲೆ 10 ತರಗತಿ, ಒಟ್ಟು 13. ಪ್ರತಿ ತರಗತಿಗೆ 30 ಮಕ್ಕಳ ಎರಡು ಸೆಕ್ಷನ್. ಪೂರ್ತಿ ತುಂಬಿದರೆ 780 ಮಕ್ಕಳು. ಮೊದಲ ವರ್ಷ ಎರಡನೇ ತರಗತಿಯವರೆಗೆ ಮಾತ್ರ ತೆರೆದಿರಿ ಎಂದುಕೊಳ್ಳಿ. ಐದು ತರಗತಿ ಆಯಿತು. ಅರ್ಧ ತುಂಬಿದರೆ 150 ಮಕ್ಕಳು. ವರ್ಷಕ್ಕೊಂದು ತರಗತಿ ಮೇಲಕ್ಕೆ ಹೋದರೆ ಹತ್ತನೇ ತರಗತಿ ಮುಟ್ಟುವುದು 9ನೇ ವರ್ಷ. ಆಗಲೂ ಎಲ್ಲ ಸೆಕ್ಷನ್ ತುಂಬಿರುತ್ತದೆ ಎಂದೇನೂ ಇಲ್ಲ.

ಖರ್ಚು ಮಾತ್ರ ಮಕ್ಕಳಿಗಾಗಿ ಕಾಯುವುದಿಲ್ಲ. ತರಗತಿಯಲ್ಲಿ 12 ಮಕ್ಕಳಿದ್ದರೂ ಒಬ್ಬರು ಟೀಚರ್ ಬೇಕು, 30 ಇದ್ದರೂ ಒಬ್ಬರು ಬೇಕು. ಪ್ರಿನ್ಸಿಪಾಲ್, ಆಯಾ, ಬಸ್ ಡ್ರೈವರ್, ಕಾವಲುಗಾರ ಮೊದಲ ದಿನದಿಂದಲೇ ಬೇಕು. ಶಾಲೆಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳದ್ದೇ. ಫೀಸು ವರ್ಷದ ಆರಂಭದಲ್ಲಿ ಒಟ್ಟಿಗೆ ಬರುತ್ತದೆ, ಸಂಬಳ ಹನ್ನೆರಡು ತಿಂಗಳೂ ಕೊಡಬೇಕು. ಅಡ್ಮಿಷನ್ ಮುಗಿದ ತಿಂಗಳು ಬ್ಯಾಂಕ್ ಖಾತೆ ತುಂಬಿರುವುದನ್ನು ನೋಡಿ ಲಾಭ ಬಂತು ಎಂದುಕೊಂಡು ಎರಡನೇ ಬಸ್ಸು ತೆಗೆದುಕೊಂಡವರನ್ನು ನೋಡಿದ್ದೇನೆ. ಆ ಹಣ ವರ್ಷದ ಕೊನೆಯ ತಿಂಗಳುಗಳ ಸಂಬಳ. ಅದನ್ನು ಮುಟ್ಟಲೇಬಾರದು.

ಇನ್ನು ರಾಯಲ್ಟಿ, ಅಂದರೆ ಹೆಸರು ಬಳಸುವುದಕ್ಕೆ ಸಂಸ್ಥೆಗೆ ಕೊಡುತ್ತಾ ಹೋಗಬೇಕಾದ ಪಾಲು. ಇದನ್ನು ನಿಧಾನವಾಗಿ ಓದಿ. ಸಾಮಾನ್ಯವಾಗಿ ರಾಯಲ್ಟಿ ಹಾಕುವುದು ಲಾಭದ ಮೇಲಲ್ಲ, ಬಂದ ಒಟ್ಟು ಫೀಸಿನ ಮೇಲೆ. ನಿಮಗೆ 100 ಬಂತು, 92 ಖರ್ಚಾಯಿತು, 8 ಉಳಿಯಿತು ಅನ್ನಿ. ರಾಯಲ್ಟಿ ಒಟ್ಟು ಫೀಸಿನ ಶೇ 10 ಆಗಿದ್ದರೆ 10 ಕೊಡಬೇಕು. ಶಾಲೆ ಚೆನ್ನಾಗಿ ನಡೆದ ವರ್ಷವೂ ನೀವು ಕೈಯಿಂದ 2 ಹಾಕಿದಿರಿ. ಸಂಸ್ಥೆಗೆ ಅವತ್ತೂ ಆದಾಯವೇ. ಹಾಗಾಗಿ ಮೊದಲ ಮೂರು ನಾಲ್ಕು ವರ್ಷ ರಾಯಲ್ಟಿ ಬೇಡ, ಅಥವಾ ಇಷ್ಟು ಮಕ್ಕಳು ಸೇರಿದ ಮೇಲೆ ಶುರುವಾಗಲಿ ಎಂದು ಕೇಳಿ. ಕೇಳಿದರೆ ತಪ್ಪಿಲ್ಲ. ಅವರು ಹೇಗೆ ಉತ್ತರಿಸುತ್ತಾರೆ ಎನ್ನುವುದರಲ್ಲೇ ಬಹಳಷ್ಟು ಗೊತ್ತಾಗುತ್ತದೆ.

ಒಂದು ಶಾಲೆಯ ಲೆಕ್ಕ ನೋಡಲು ಹೋಗಿದ್ದೆ. ಮೂರನೇ ವರ್ಷ ನಡೆಯುತ್ತಿತ್ತು. ಕೆಳಗಿನ ಮಹಡಿಯಲ್ಲಿ ಮಕ್ಕಳ ಗಲಾಟೆ, ನೋಡಲು ಖುಷಿಯಾಗುತ್ತಿತ್ತು. ಎರಡನೇ ಮಹಡಿಗೆ ಹೋಗುವ ಮೆಟ್ಟಿಲಿಗೆ ಸರಪಳಿ ಹಾಕಿ ಬೀಗ ಹಾಕಿದ್ದರು. ತೆಗೆಸಿ ಮೇಲೆ ಹೋದೆ. ಹತ್ತು ಕೋಣೆ. ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು, ಮೇಲೆ ಸುತ್ತಿದ ಪ್ಲಾಸ್ಟಿಕ್ ಹಾಗೇ ಇತ್ತು. ಗೋಡೆಗೆ ಹಾಕಿದ ಸ್ಮಾರ್ಟ್ ಬೋರ್ಡಿಗೆ ಹಳೆಯ ಬೆಡ್‌ಶೀಟ್ ಹೊದಿಸಿದ್ದರು. ಆ ಕೋಣೆಗಳಿಗೂ ಬ್ಯಾಂಕಿನ ಬಡ್ಡಿ ಪ್ರತಿ ತಿಂಗಳೂ ಹೋಗುತ್ತಿತ್ತು. ಮೂರನೇ ವರ್ಷಕ್ಕೆ ಇಷ್ಟು ಮಕ್ಕಳು ಎಂದು ಫ್ರಾಂಚೈಸಿ ಕೊಟ್ಟವರು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಮಾಲೀಕರು ಆ ಸಂಖ್ಯೆಗೆ ತಕ್ಕಂತೆ ಕಟ್ಟಡ ಕಟ್ಟಿದ್ದರು. ಕೆಳಗೆ ಬರುವಾಗ ಅವರು ಒಂದೇ ಮಾತು ಕೇಳಿದರು, ‘ಸರ್, ಇದರಲ್ಲಿ ಯಾವುದನ್ನು ಆಮೇಲೆ ಮಾಡಬಹುದಿತ್ತು?’ ಬಹುತೇಕ ಎಲ್ಲವನ್ನೂ ಆಮೇಲೆ ಮಾಡಬಹುದಿತ್ತು.

ಆದ್ದರಿಂದ ಕಟ್ಟಡವನ್ನು ಹಂತಹಂತವಾಗಿ ಕಟ್ಟಿ. ಆಟದ ಮೈದಾನ, ಶೌಚಾಲಯ, ಮಕ್ಕಳ ಸುರಕ್ಷತೆ, ಇವುಗಳಲ್ಲಿ ಮಾತ್ರ ಉಳಿತಾಯ ಬೇಡ. ಮೊದಲ ಮೂರು ವರ್ಷದ ಸಂಬಳ ಕೊಡುವಷ್ಟು ಹಣ ಬೇರೆ ಇಟ್ಟುಕೊಳ್ಳಿ. ವಾಸದ ಮನೆಯನ್ನು ಅಡ ಇಡಲೇಬೇಡಿ. ಸಂಸ್ಥೆಯ ಹಾಳೆ ನಂಬುವ ಮೊದಲು ಅವರದೇ ಮೂರು ವರ್ಷ ಹಳೆಯ ನಾಲ್ಕೈದು ಶಾಲೆಗಳಲ್ಲಿ ನಿಜವಾಗಿ ಎಷ್ಟು ಮಕ್ಕಳಿದ್ದಾರೆ ಎಂದು ನೋಡಿ. ಆ ಶಾಲೆಗಳನ್ನು ನೀವೇ ಆರಿಸಿ, ಅವರು ತೋರಿಸಿದ ಶಾಲೆ ಮಾತ್ರ ನೋಡಿ ಬರಬೇಡಿ.

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು ಸೇರಿ ಹಣ ಹಾಕುತ್ತಿದ್ದೇವೆ. ಬೇರೆ ವ್ಯಾಪಾರದಂತೆ ಪ್ರತಿ ವರ್ಷ ಲಾಭ ಹಂಚಿಕೊಳ್ಳಬಹುದಾ?

ಅದು ಶಾಲೆ ಇರುವ ದೇಶದ ಕಾನೂನಿಗೆ ಬಿಟ್ಟಿದ್ದು. ಹಣ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ಇದು, ಎಷ್ಟೋ ಜನ ಕಟ್ಟಡದ ಪಾಯ ಹಾಕಿದ ಮೇಲೆ ಕೇಳುತ್ತಾರೆ.

ಭಾರತದಲ್ಲಿ ಶಾಲೆ ನಡೆಸುವುದು ಸಾಮಾನ್ಯವಾಗಿ ಟ್ರಸ್ಟ್, ಸೊಸೈಟಿ, ಇಲ್ಲವೇ 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್‌ನಡಿ ನೋಂದಾಯಿಸಿದ ಲಾಭರಹಿತ ಕಂಪನಿ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಈ ವಿಷಯ ನೋಡಿತು. ಸಂಸ್ಥೆ ಬೆಳೆಯಲು ಬೇಕಾದಷ್ಟು ಹಣ ಉಳಿಸಬಹುದು, ಆದರೆ ಲಾಭಕೋರತನ, ಕ್ಯಾಪಿಟೇಷನ್ ಫೀಸು (ಸೀಟು ಕೊಡಲು ಫೀಸಿನ ಮೇಲೆ ಕೇಳುವ ಹಣ) ಕೂಡದು ಎಂದಿತು. ಅಂದರೆ ಉಳಿದ ಹಣ ಶಾಲೆಗೇ ಹೋಗಬೇಕು. ನಾಲ್ಕು ಜನ ಹಂಚಿಕೊಂಡು ಮನೆಗೆ ಒಯ್ಯುವ ಹಣ ಅದಲ್ಲ. ಜಾಗ ಒಬ್ಬರ ಹೆಸರಲ್ಲಿಟ್ಟು ಟ್ರಸ್ಟಿನಿಂದ ಬಾಡಿಗೆ ಪಡೆಯುವವರು ಇದ್ದಾರೆ. ಬಾಡಿಗೆ ಅಕ್ಕಪಕ್ಕದ ದರದಷ್ಟೇ ಇರಬೇಕು. ಎಲ್ಲವೂ ಕಾಗದದ ಮೇಲೆ ಸ್ವಚ್ಛವಾಗಿರಬೇಕು. ಉಬ್ಬಿಸಿದ ಬಾಡಿಗೆ ತೆರಿಗೆಯವರ ಕಣ್ಣಿಗೆ ಬೇಗ ಬೀಳುತ್ತದೆ.

ಬೇರೆ ದೇಶಗಳ ಕತೆ ಬೇರೆ. ಸ್ವೀಡನ್ 1992ರಲ್ಲಿ ಸರ್ಕಾರಿ ಹಣದಲ್ಲಿ ಖಾಸಗಿ ಶಾಲೆ ನಡೆಸಲು ದಾರಿ ಮಾಡಿತು, ಲಾಭಕ್ಕೂ ತಡೆ ಇರಲಿಲ್ಲ. ಅಲ್ಲಿಯ ದೊಡ್ಡ ಶಾಲಾ ಸರಪಳಿ ಜೆಬಿ ಎಜುಕೇಷನ್ 2013ರಲ್ಲಿ ದಿವಾಳಿಯಾಯಿತು. ಸಾವಿರಾರು ಮಕ್ಕಳು ಓದುತ್ತಿದ್ದ ಶಾಲೆಗಳು ಕೈ ಬದಲಾದವು, ಕೆಲವು ಮುಚ್ಚಿಯೇ ಹೋದವು. ಚಿಲಿ 2015ರಲ್ಲಿ ಸರ್ಕಾರದ ಹಣ ಪಡೆಯುವ ಶಾಲೆಗಳು ಲಾಭ ಮಾಡಬಾರದು ಎಂಬ ಕಾನೂನು ತಂದಿತು. ಚೀನಾ 2021ರ ಸೆಪ್ಟೆಂಬರ್ 1ರಿಂದ ಕಡ್ಡಾಯ ಶಿಕ್ಷಣದ ಖಾಸಗಿ ಶಾಲೆಗಳು ತಮ್ಮ ಮಾಲೀಕರದೇ ಬೇರೆ ಕಂಪನಿಗಳ ಜೊತೆ ವ್ಯವಹಾರ ಮಾಡುವುದನ್ನು ನಿಷೇಧಿಸಿತು. ಆ ದಾರಿಯಲ್ಲೇ ಲಾಭ ತೆಗೆಯುತ್ತಿದ್ದವರ ಲೆಕ್ಕ ತಲೆಕೆಳಗಾಯಿತು. ಶಾಲೆಗೆ ಹಾಕಿದ ಹಣ ಇಪ್ಪತ್ತು ವರ್ಷದ ಮಾತು. ಅಷ್ಟರಲ್ಲಿ ನಿಯಮ ಬದಲಾಗಬಹುದು ಎನ್ನುವುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬೇಗ ಲಾಭ ಬೇಕೆನ್ನುವ ಒಬ್ಬ ಸ್ನೇಹಿತ ನಿಮ್ಮ ನಾಲ್ವರಲ್ಲಿ ಇದ್ದರೆ, ಈಗಲೇ ಬೇರೆ ಕಡೆ ಹಣ ಹಾಕಲು ಹೇಳಿ. ಸ್ನೇಹವೂ ಉಳಿಯುತ್ತದೆ, ಶಾಲೆಯೂ ಉಳಿಯುತ್ತದೆ.

ಪ್ರಶ್ನೆ: ಅಗ್ರಿಮೆಂಟಿನ ಕರಡು ಕಳಿಸಿದ್ದಾರೆ, 60 ಪುಟ ಇದೆ. ಒಂದೇ ವಾರದಲ್ಲಿ ಸಹಿ ಮಾಡಿ ಎನ್ನುತ್ತಿದ್ದಾರೆ. ಮುಖ್ಯವಾಗಿ ಏನು ನೋಡಬೇಕು?

ಮೊದಲು, ಒಂದು ವಾರದ ಅವಸರಕ್ಕೆ ಒಪ್ಪಬೇಡಿ. ಅಮೆರಿಕದಲ್ಲಿ ಫ್ರಾಂಚೈಸಿ ಕೊಡುವವರು 23 ವಿಷಯಗಳ ಮಾಹಿತಿ ಪತ್ರವನ್ನು ಸಹಿ ಅಥವಾ ಹಣಕ್ಕೆ ಕನಿಷ್ಠ 14 ದಿನ ಮುಂಚೆ ಕೊಡಲೇಬೇಕು. ಅವರ ಮೇಲಿರುವ ಕೇಸುಗಳು, ಅವರ ಹಣಕಾಸಿನ ಸ್ಥಿತಿ, ಫ್ರಾಂಚೈಸಿ ಬಿಟ್ಟು ಹೋದವರನ್ನು ಸಂಪರ್ಕಿಸುವ ವಿವರ, ಎಲ್ಲ ಅದರಲ್ಲಿರಬೇಕು. ಭಾರತದಂಥ ಎಷ್ಟೋ ದೇಶಗಳಲ್ಲಿ ಫ್ರಾಂಚೈಸಿಗೆಂದೇ ಕಾನೂನು ಇಲ್ಲ. ಕಾನೂನು ಕೊಡಿಸದಿದ್ದರೂ ಇವನ್ನೇ ನೀವು ಬರಹದಲ್ಲಿ ಕೇಳಿ. ಬಿಟ್ಟು ಹೋದವರ ಜೊತೆ ಅರ್ಧ ಗಂಟೆ ಮಾತಾಡಿದರೆ, 60 ಪುಟದಲ್ಲಿ ಸಿಗದ್ದು ಸಿಗುತ್ತದೆ.

ಆಮೇಲೆ ಅಗ್ರಿಮೆಂಟನ್ನು ಹಿಂದಿನ ಪುಟದಿಂದ ಓದಿ. ಮುಗಿಯುವ ದಿನ ಏನಾಗುತ್ತದೆ ಎನ್ನುವುದು ಅಲ್ಲಿರುತ್ತದೆ. ಮೂರು ವರ್ಷಕ್ಕೆ ಸೇರಿದ ಮಗು ಹತ್ತನೇ ತರಗತಿ ಮುಗಿಸಲು 13 ವರ್ಷ ಬೇಕು. ಅಗ್ರಿಮೆಂಟ್ 9 ವರ್ಷದ್ದಾದರೆ ಮೊದಲ ದಿನ ನೀವು ಕೈಹಿಡಿದು ಒಳಗೆ ಕರೆದುಕೊಂಡ ಮಗು ಆಗ ಏಳನೇ ತರಗತಿಯಲ್ಲಿರುತ್ತದೆ. ಮುಂದೆ? ಬೋರ್ಡು ಇಳಿಸಿ ಅದೇ ಜಾಗದಲ್ಲಿ ಶಾಲೆ ಮುಂದುವರಿಸಲು ನಿಮಗೆ ಹಕ್ಕಿದೆಯಾ? ಅಥವಾ ಇಷ್ಟು ವರ್ಷ ಶಾಲೆ ನಡೆಸುವಂತಿಲ್ಲ ಎಂಬ ಷರತ್ತಿದೆಯಾ? ಇದನ್ನು ವಕೀಲರಿಗೆ ಬೆರಳಿಟ್ಟು ತೋರಿಸಿ ಕೇಳಿ.

ಥಾಯ್ಲೆಂಡಿನ ಪುಕೆಟ್‌ನಲ್ಲಿ 1996ರಲ್ಲಿ ಲಂಡನ್ನಿನ ಡಲ್ವಿಚ್ ಕಾಲೇಜಿನ ಹೆಸರಿನಲ್ಲಿ ಶಾಲೆಯೊಂದು ಶುರುವಾಯಿತು. 2005ರಲ್ಲಿ ಆ ಸಂಬಂಧ ಮುಗಿಯಿತು. ಶಾಲೆ ಮುಚ್ಚಲಿಲ್ಲ, ಬೇರೆ ಹೆಸರಿನಲ್ಲಿ ನಡೆಯಿತು. ನಿಮ್ಮದೂ ಹಾಗೆ ನಡೆಯಬೇಕಾದರೆ ಸರ್ಕಾರದ ಮಾನ್ಯತೆ ನಿಮ್ಮ ಟ್ರಸ್ಟಿನ ಹೆಸರಲ್ಲಿರಬೇಕು. ಟೀಚರುಗಳ ನೇಮಕದ ಪತ್ರ ನೀವು ಕೊಟ್ಟದ್ದಾಗಿರಬೇಕು. ಮಕ್ಕಳ ದಾಖಲೆ, ಪೋಷಕರ ಫೋನ್ ನಂಬರ್, ಶಾಲೆಯ ಫೋನ್ ನಿಮ್ಮ ಕೈಯಲ್ಲಿರಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಅದೇ ಹೆಸರಿನ ಇನ್ನೊಂದು ಶಾಲೆ ಎಷ್ಟು ದೂರದೊಳಗೆ ಬರುವಂತಿಲ್ಲ ಎಂದು ಕಿಲೋಮೀಟರಿನಲ್ಲಿ ಬರೆಸಿ. ಪುಸ್ತಕ, ಸಮವಸ್ತ್ರ ಅವರಿಂದಲೇ ಕೊಳ್ಳಬೇಕಾದರೆ ದರ ಯಾರು ತೀರ್ಮಾನಿಸುತ್ತಾರೆ, ತಡವಾದರೆ ಯಾರು ಹೊಣೆ ಎಂದು ಬರೆಸಿ. ‘ಸಂಪೂರ್ಣ ಬೆಂಬಲ’ ಎಂಬ ಪದ ಕಂಡರೆ ಅದನ್ನು ದಿನಗಳಾಗಿ ಬದಲಿಸಿ: ವರ್ಷಕ್ಕೆ ಎಷ್ಟು ದಿನ, ಯಾರು ಬಂದು, ಯಾರಿಗೆ ತರಬೇತಿ ಕೊಡುತ್ತಾರೆ?

ಪ್ರಶ್ನೆ: ಗಂಡ ಹೆಂಡತಿ ಇಬ್ಬರೂ ಟೀಚರುಗಳು, ಹದಿನೈದು ವರ್ಷದ ಅನುಭವ ಇದೆ. ಫ್ರಾಂಚೈಸಿ ತೆಗೆದುಕೊಳ್ಳುವುದಾ, ಸ್ವಂತ ಹೆಸರಿನಲ್ಲಿ ಶುರು ಮಾಡುವುದಾ?

ನಿಮ್ಮ ಪತ್ರ ಓದಿ ಖುಷಿಯಾಯಿತು. ಫ್ರಾಂಚೈಸಿಯವರು ಕೊಡುವುದು ಮುಖ್ಯವಾಗಿ ಮೂರು: ಹೆಸರು, ಪಾಠದ ಯೋಜನೆ, ಟೀಚರುಗಳಿಗೆ ತರಬೇತಿ. ಕೊನೆಯ ಎರಡು ನಿಮ್ಮ ಕೈಯಲ್ಲೇ ಇವೆ. ಹೆಸರು ಮೊದಲ ವರ್ಷದ ಅಡ್ಮಿಷನ್‌ಗೆ ನೆರವಾಗುತ್ತದೆ, ಅದು ನಿಜ. ಎರಡನೇ ವರ್ಷದಿಂದ ಪೋಷಕರು ಪಕ್ಕದ ಮನೆಯವರನ್ನು ಕೇಳಿ ಬರುತ್ತಾರೆ, ಬೋರ್ಡು ನೋಡಿ ಅಲ್ಲ. ನಿಮಗೆ ಗೊತ್ತಿಲ್ಲದ್ದು ಲೆಕ್ಕ, ಮಾನ್ಯತೆಯ ಕಾಗದ, ಬಸ್ಸಿನ ಓಡಾಟ ಇರಬಹುದು. ಅದಕ್ಕೆ ಒಬ್ಬ ಒಳ್ಳೆಯ ಅಕೌಂಟೆಂಟ್, ಒಬ್ಬ ಅನುಭವಿ ಆಫೀಸ್ ಗುಮಾಸ್ತ ಸಾಕು. ನನ್ನನ್ನು ಕೇಳಿದರೆ ಸ್ವಂತ ಹೆಸರಿನಲ್ಲಿ, ಪೂರ್ವ ಪ್ರಾಥಮಿಕದಿಂದ, ಸಣ್ಣದಾಗಿ ಶುರು ಮಾಡಿ.

ಆದರೂ ಫ್ರಾಂಚೈಸಿ ಕಡೆ ಮನಸ್ಸಿದ್ದರೆ, ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಒಂದು ದಿನ ರಜೆ ಹಾಕಿ. ಆ ಸಂಸ್ಥೆಯ ನಾಲ್ಕೈದು ವರ್ಷ ಹಳೆಯ ಶಾಲೆಯೊಂದರ ಗೇಟಿನ ಎದುರು ಮಕ್ಕಳನ್ನು ಬಿಡುವ ಹೊತ್ತಿಗೆ ನಿಲ್ಲಿ. ಅಮ್ಮಂದಿರನ್ನು, ಅಜ್ಜಂದಿರನ್ನು ಸುಮ್ನೆ ಮಾತಾಡಿಸಿ. ನಿಮ್ಮ ಮಗುವಿನ ಟೀಚರ್ ಹೆಸರೇನು, ಹೋದ ವರ್ಷ ಪಾಠ ಮಾಡಿದವರು ಇನ್ನೂ ಇದೇ ಶಾಲೆಯಲ್ಲಿದ್ದಾರಾ ಅಂತ ಕೇಳಿ. ಹತ್ತು ಜನರಲ್ಲಿ ಏಳೆಂಟು ಜನ ‘ಇದ್ದಾರೆ’ ಎಂದರೆ ಆ ಸಂಸ್ಥೆಯ ಜೊತೆ ಮಾತು ಮುಂದುವರಿಸಿ.