ಖಾಲಿ ಪೊರೆಗೆ ಹೆಸರಿಡುವ ಮುನ್ನ

ನಮಸ್ಕಾರ. ಗಾಜಿನಂಥ ರೆಕ್ಕೆಯ ಪತಂಗಗಳನ್ನು ಅವು ಬಿಟ್ಟುಹೋದ ಕೋಶದ ಪೊರೆಯಿಂದ ಗುರುತಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ನಮ್ಮ ಪತ್ರಿಕೆಯಲ್ಲಿ ಹಾಕಲಾಗದು. ಹಾಗಂತ ಕೈಬಿಡಲು ಮನಸ್ಸೂ ಇಲ್ಲ.

ಮೊದಲೆರಡು ಪುಟದ ತುಂಬ ಪಾಪ್ಲರ್ ಮರದ ಬುಡ, ಸೇಬಿನ ತೋಟ, ಕಣಜದ ವೇಷದ ಸೆಸಿಯಾ ಎಪಿಫಾರ್ಮಿಸ್ ಎಂಬ ಪತಂಗ. ಸುಳ್ಳೇನಲ್ಲ, ಆದರೆ ಅದು ಯುರೋಪಿನ ಮಾತು. ಕುಷ್ಟಗಿಯ ಓದುಗ ಪಾಪ್ಲರ್ ಎಲ್ಲಿ ಹುಡುಕಿಯಾನು? ಮೂರನೇ ಪುಟದಲ್ಲಿ ನಿಮ್ಮ ಅವ್ವ ತೊಂಡೆಕಾಯಿ ಬಿಡಿಸುವಾಗ, ಬಳ್ಳಿಯಲ್ಲಿ ಊದಿಕೊಂಡ ಗಂಟಿನಿಂದ ಅರ್ಧ ಹೊರಚಾಚಿದ್ದ ಕಂದು ಪೊರೆ ಕಂಡರಲ್ಲ, ಲೇಖನ ಅಲ್ಲಿಂದಲೇ ಶುರುವಾಗಲಿ. ಹಿಂದಿನದೆಲ್ಲ ಹೊಡೆದುಹಾಕಿ.

ಅದು ಅರ್ಧ ಹೊರಗೆ ಬಂದದ್ದು ಹೇಗೆ? ಓದುಗ ಮೊದಲು ಕೇಳುವುದೇ ಇದು, ನೀವು ಹೇಳಿಯೇ ಇಲ್ಲ. ಕೋಶದ ಬೆನ್ನ ಮೇಲೆ ಸಣ್ಣ ಮುಳ್ಳುಗಳ ಸಾಲುಗಳಿವೆ. ಪತಂಗ ಹೊರಬರುವ ಹೊತ್ತಿಗೆ ಕೋಶ ಹೊರಳಾಡುತ್ತ, ಆ ಮುಳ್ಳುಗಳನ್ನು ಹುಳು ಕೊರೆದ ಸುರಂಗದ ಗೋಡೆಗೆ ಊರಿ ಮುಂದೆ ಸರಿಯುತ್ತದೆ. ಹೊಟ್ಟೆಯ ಏಳನೇ ಖಂಡದಲ್ಲಿ ಎರಡು ಸಾಲಿದ್ದರೆ ಗಂಡು, ಒಂದೇ ಇದ್ದರೆ ಹೆಣ್ಣು. ನಿಮ್ಮ ಫೋಟೊದಲ್ಲಿ ಪೊರೆ ಅಂಗಾತ ಬಿದ್ದಿದೆ, ಬೆನ್ನೇ ಕಾಣದು. ಆದರೂ ‘ಹೆಣ್ಣು’ ಎಂದು ಬರೆದಿದ್ದೀರಿ!

ಇನ್ನು ‘ಮೆಲಿಟಿಯಾ ಯೂರಿಟಿಯಾನ್, ಸಂಶಯವೇ ಇಲ್ಲ’ ಎಂಬ ಸಾಲು. ಪಡವಲ, ತೊಂಡೆಯ ಬಳ್ಳಿ ಕೊರೆಯುವ ಹುಳುವೆಂದರೆ ಆ ಹೆಸರು ನೆನಪಾಗುವುದು ಸಹಜ. ಆದರೆ ಅದನ್ನು ಹೇಳಿದ್ದು ಬಳ್ಳಿ, ಪೊರೆಯಲ್ಲ. ತಲೆಯ ಏಣು, ಮುಳ್ಳಿನ ಸಾಲು, ಬಾಲದ ತುದಿ ಇವನ್ನು ಹೆಸರು ಗೊತ್ತಿರುವ ಪತಂಗದ ಪೊರೆಯ ಜೊತೆ ಇಟ್ಟು ನೋಡಬೇಕು. ಅಂಥ ಪೊರೆ ಸಿಗಲು ದಾರಿಯಿದೆ: ಇನ್ನೂ ತೂತಾಗದ ಗಂಟುಗಳನ್ನು ಬಳ್ಳಿ ಸಮೇತ ಕತ್ತರಿಸಿ, ಜಾಲರಿ ಕಟ್ಟಿದ ಡಬ್ಬಿಯಲ್ಲಿಟ್ಟು ಕಾಯಿರಿ. ಪತಂಗ ಹೊರಬಂದರೆ ಅದನ್ನೂ ಪೊರೆಯನ್ನೂ ಒಟ್ಟಿಗೇ ಇಡಿ.

ದಾಳಿಂಬೆಯ ಚಿತ್ರವನ್ನಂತೂ ತೆಗೆದೇಬಿಡಿ. ತೂತಿನ ಸುತ್ತ ತೊಗಟೆಯ ಮೇಲೆ ಹಿಕ್ಕೆ, ನೂಲು ಸೇರಿ ಹೆಣೆದ ಅಂಕುಡೊಂಕು ಪಟ್ಟಿ ಕಾಣುತ್ತಿದೆ. ಅದು ತೊಗಟೆ ತಿನ್ನುವ ಇಂಡಾರ್ಬೆಲಾ ಎಂಬ ಬೇರೆ ಹುಳುವಿನ ಕೆಲಸ. ಅದರ ಖಾಲಿ ಕೋಶವೂ ಹೀಗೇ ಹೊರಚಾಚಿರುತ್ತದೆ. ನಮ್ಮ ಓದುಗರಲ್ಲಿ ದಾಳಿಂಬೆ ಬೆಳೆಗಾರರೇ ಹೆಚ್ಚು, ಹೆಸರು ತಪ್ಪಿದರೆ ಮರುದಿನವೇ ಫೋನ್ ಬರುತ್ತದೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಅದ್ಭುತ’, ‘ವಿಸ್ಮಯ’ ತೆಗೆಯಿರಿ, ಅವ್ವನ ಮಾತು ಅವರು ಆಡಿದಂತೆಯೇ ಇರಲಿ. ಪೊರೆಯನ್ನು ಬೋರಲಾಗಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಇನ್ನೊಂದು ಫೋಟೊ ತೆಗೆದು ಕಳಿಸಿ. ಹಿಡಿಯುವಾಗ ಹುಷಾರು, ಒಣಗಿದ್ದು ಬೆರಳಲ್ಲೇ ಪುಡಿಯಾಗುತ್ತದೆ.