ಶಾಫ್ಟ್ ಕಟರ್: ಡಿಸ್ಕ್ ಸಾಕಾ, ಕತ್ತರಿ ತರದ್ದು ಬೇಕಾ?

ನಮಸ್ಕಾರ. ಮಲ್ಪೆಯಲ್ಲಿ ಓಡಿಸುವ ಇನ್‌ಬೋರ್ಡ್ (ಎಂಜಿನ್ ಒಳಗಿರುವ) ದೋಣಿಯ ಪ್ರೊಪೆಲರ್ ಶಾಫ್ಟ್‌ಗೆ ಸುತ್ತಿಕೊಳ್ಳುವ ಹಗ್ಗ, ಬಲೆ ಕತ್ತರಿಸಲು ಡಿಸ್ಕ್ ಕಟರ್, ಅಂದರೆ ಹರಿತ ಅಂಚಿನ ಬಿಲ್ಲೆ, ಸಾಕಾ ಎಂದು ಕೇಳಿದ್ದೀರಿ. ನಾನಾಗಿದ್ದರೆ ಕತ್ತರಿ ತರದ್ದನ್ನೇ ಹಾಕಿಸುತ್ತಿದ್ದೆ. ಡಿಸ್ಕ್ ಅಗ್ಗ, ಕೂರಿಸುವುದೂ ಸುಲಭ. ಆದರೆ ಅದು ಶಾಫ್ಟ್ ಜೊತೆ ಸುಮ್ನೆ ಸುತ್ತುತ್ತದೆ. ಬಿಗಿಯಾದ ಹಗ್ಗ ಅಂಚಿಗೆ ಒತ್ತಿದರೆ ಕತ್ತರಿಸುತ್ತದೆ, ಸಡಿಲ ಬಲೆ ಚೂರು ಅದರ ಜೊತೆಗೇ ಸುತ್ತಿಕೊಳ್ಳಬಹುದು. ನಿಮ್ಮ ಕಡೆ ಜಾಸ್ತಿ ಸಿಗುವುದು ಬಲೆಯೇ ಅಲ್ವಾ? ಕತ್ತರಿ ತರದ್ದರಲ್ಲಿ ಒಂದು ಬ್ಲೇಡ್ ಶಾಫ್ಟ್ ಹಿಡಿದಿರುವ ಬೇರಿಂಗ್‌ನ ಕವಚಕ್ಕೆ (ಹೌಸಿಂಗ್) ಗಟ್ಟಿಯಾಗಿ ನಿಂತಿರುತ್ತದೆ, ಇನ್ನೊಂದು ಶಾಫ್ಟ್ ಮೇಲೆ ತಿರುಗುತ್ತದೆ. ಹಾಗಾಗಿ ಸಡಿಲ ಬಲೆಯೂ ಎರಡರ ನಡುವೆ ಸಿಕ್ಕಿ ತುಂಡಾಗುತ್ತದೆ.

ಕೊಳ್ಳುವ ಮೊದಲು ದೋಣಿ ಮೇಲೆಳೆದಾಗ ಪ್ರೊಪೆಲರ್ ಹಬ್‌ಗೂ (ನಡುಗುಂಬಕ್ಕೂ) ಬೇರಿಂಗ್‌ಗೂ ನಡುವಿನ ಜಾಗ ಅಳೆಯಿರಿ. ಶಾಫ್ಟ್ ದಪ್ಪವನ್ನು ವರ್ನಿಯರ್‌ನಲ್ಲೇ ನೋಡಿ, ಇಂಚಿನದ್ದೋ ಮಿಲಿಮೀಟರಿನದ್ದೋ ಎಂದು ಊಹಿಸಬೇಡಿ. ಎಂಜಿನ್ ರಬ್ಬರ್ ಮೌಂಟ್ ಮೇಲಿದ್ದರೆ ಗೇರ್ ಹಾಕಿದಾಗ ಶಾಫ್ಟ್ ಹಿಂದೆ ಮುಂದೆ ಸರಿಯುತ್ತದೆ. ಹಾಗೆ ಸರಿಯುವುದಕ್ಕೂ ಜಾಗ ಬೇಕು, ಇಲ್ಲದಿದ್ದರೆ ಬ್ಲೇಡ್‌ಗಳು ಒಂದಕ್ಕೊಂದು ಉಜ್ಜುತ್ತವೆ. ನೀರಿನಿಂದಲೇ ತಂಪಾಗುವ ರಬ್ಬರ್ ಬೇರಿಂಗ್ ಆದರೆ ಕಟರ್ ಅದರ ಬಾಯಿ ಮುಚ್ಚಬಾರದು. ತುಕ್ಕು ತಡೆಯಲು ಹಾಕುವ ಸತುವಿನ ಆನೋಡ್ ಅದೇ ಜಾಗದಲ್ಲಿದ್ದರೆ ಅದನ್ನು ಎಲ್ಲಿಗೆ ಸರಿಸುವುದೆಂದು ಮೊದಲೇ ನಿರ್ಧರಿಸಿ.

ಇನ್ನೊಂದು, ಬಲೆ ಬಿಡಿಸಲು ನೀರಿಗಿಳಿಯುವವರಿಗೆ ಕಟರ್ ಇದೆ ಎಂದು ಮೊದಲೇ ಹೇಳಿ. ಕೈ ಕುಯ್ಯುತ್ತದೆ. ಅಳತೆ ಸಿಕ್ಕರೆ ಇಲ್ಲೇ ಹಾಕಿ, ಯಾವುದು ಕೂರುತ್ತದೆ ನೋಡೋಣ.